ಘಾಟ್ಕೋಪರಿನಲ್ಲಿ ಹಾಜರಾದ ಸಮಿತಿ

ಐವತ್ತರ ದಶಕದ ನಡುವಿನ ಒಂದು ಭಾನುವಾರ ಮಧ್ಯಾಹ್ನ, ಬೊಂಬಾಯಿಯ ದಾದರ್ ಸ್ಟೇಷನ್ನಿಗೆ ಹತ್ತಿರದ ಬಿಲ್ಡಿಂಗೊಂದರ ಮೂರನೆಯ ಮಾಳಿಗೆಯಲ್ಲಿ ಲೋಕಸಭೆ ಸೇರಿತ್ತು. ಪ್ರಧಾನಮಂತ್ರಿಗಳು ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ರಕ್ಷಣಾ ಮಂತ್ರಿಗಳು ಫೋರ್ಟಿನ ಬ್ಯಾಂಕೊಂದರ ಗುಮಾಸ್ತರು, ಜೋರಾಗಿ ಸೀನುವುದಕ್ಕೂ ಹಿಂಜರಿಯುವ ಮನುಷ್ಯ. ಸ್ಪೀಕರ್ ಸ್ಥಾನದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರಿದ್ದರು. ಅವರಿಗೆ ಸದಸ್ಯರೆಲ್ಲ ನಾಲ್ಕನೇ ಕ್ಲಾಸಿನ ಹುಡುಗರಂತೆಯೇ ಕಾಣುತ್ತಿದ್ದರು. ಅವರ ಎಡಗಡೆ ಒಂದು ಸ್ಟೂಲಿನ ಮೇಲೆ ನಾನು ಕೂತಿದ್ದೆ. ನನ್ನ ಕೆಲಸ ಗಂಟೆ ಒತ್ತುವುದು.

ಆ ಗಂಟೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಹೋಟೆಲಿನಿಂದ ಎರವಲು ತಂದದ್ದು, ಗಲ್ಲಾದ ಮೇಜಿನ ಮೇಲಿಟ್ಟು ಸಪ್ಲೈಯರನ್ನು ಕರೆಯುವ ಗಂಟೆ. ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು. ನಾನು ಗಂಟೆ ಒತ್ತಿದಾಗಲೆಲ್ಲ ಹಿಂದಿನ ಬೆಂಚುಗಳಲ್ಲಿ ನಾಲ್ಕೈದು ಜನ ಎದ್ದು ನಿಲ್ಲುತ್ತಿದ್ದರು. ಎದ್ದ ಮೇಲೆ ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿ ಕೂರುತ್ತಿದ್ದರು. ಸ್ಪೀಕರರು ಇದನ್ನು ತಮಗೆ ಸಲ್ಲುತ್ತಿರುವ ಗೌರವವೆಂದು ತಿಳಿದು, ಬೇಕಿಲ್ಲದ ಕಡೆಯೂ ಗಂಟೆ ಒತ್ತಲು ನನಗೆ ಸನ್ನೆ ಮಾಡತೊಡಗಿದರು.

ನಮ್ಮ ಕನ್ನಡಿಗರ ಸಂಘ ವರ್ಷಕ್ಕೊಮ್ಮೆ ನಡೆಸುತ್ತಿದ್ದ ಅಣಕು ಲೋಕಸಭೆ ಇದು. ಆ ವರ್ಷದ ವಿಷಯ, ಕಾಯಿಲೆ ಬಿದ್ದ ಕೆಲಸಗಾರರಿಗೆ ಕೊಡುವ ಭತ್ಯೆಯ ಆಡಳಿತವನ್ನು ಸುಧಾರಿಸುವ ಒಂದು ಮಸೂದೆ. ಕಾರ್ಖಾನೆಯ ಕೆಲಸಗಾರರಿಗೆ ಸರ್ಕಾರ ಆಗಷ್ಟೇ ಕಾಯಿಲೆ ವಿಮೆ ತಂದಿತ್ತು. ಲೋಕಲ್ ಗಾಡಿಯಲ್ಲಿ ಪೇಪರು ಬಿಚ್ಚಿದವರೆಲ್ಲ ಅದರ ಬಗ್ಗೆ ಒಂದೊಂದು ಮಾತಾಡುತ್ತಿದ್ದ ಕಾಲ. ಹೋಟೆಲಿನವರಿಗೆ ಆ ವಿಮೆ ಇರಲಿಲ್ಲ. ಅವರಿಗೆ ಇದ್ದದ್ದು ಸಂಘದ್ದೇ ಒಂದು ಸಹಾಯ ನಿಧಿ, ಮತ್ತು ಆ ನಿಧಿಗೆ ಒಂದು ನಿಯಮ.

ನಿಯಮ ಇಷ್ಟೇ: ಸಹಾಯ ಬೇಕಾದ ಕಾಯಿಲೆಯವನು ಪ್ರತಿ ತಿಂಗಳೂ ಖುದ್ದಾಗಿ ಸಮಿತಿಯ ಎದುರು ಹಾಜರಾಗಬೇಕು. ಸಮಿತಿ ಕೂರುತ್ತಿದ್ದದ್ದು ಈ ಮೂರನೆಯ ಮಾಳಿಗೆಯಲ್ಲಿ. ಹೀಗಾಗಿ ಮೆಟ್ಟಿಲು ಹತ್ತಿ ಬರಬಲ್ಲಷ್ಟು ಆರೋಗ್ಯವಿದ್ದ ಕಾಯಿಲೆಯವರಿಗೆ ಮಾತ್ರ ಸಹಾಯ ಸಿಗುತ್ತಿತ್ತು.

ನಿಯಮವನ್ನು ಮಾಡಿದವರು ಸಂಘದ ಅಧ್ಯಕ್ಷರು, ದಾದರಿನಲ್ಲೇ ಹೋಟೆಲಿಟ್ಟವರು. ಅದಕ್ಕೆ ಅವರಲ್ಲಿ ಒಂದು ಕಾರಣವೂ ಇತ್ತು, ಆ ಕಾರಣವನ್ನು ನಾವೆಲ್ಲ ಹಲವು ಸಲ ಕೇಳಿದ್ದೆವು. ಹಿಂದೊಮ್ಮೆ ಒಬ್ಬ ಸಪ್ಲೈಯರ್ ಹಾಸಿಗೆ ಹಿಡಿದಿದ್ದಾನೆಂದು ನಿಧಿಯಿಂದ ಸಹಾಯ ಹೋಯಿತು. ಅದೇ ತಿಂಗಳು ಅಧ್ಯಕ್ಷರು ಮಂಗಳೂರಿಗೆ ಒಂದು ಮದುವೆಗೆ ಹೋಗಿ ಊಟಕ್ಕೆ ಕೂತರೆ, ಪಂಕ್ತಿಯಲ್ಲಿ ಬಗ್ಗಿ ಪಾಯಸ ಬಡಿಸುತ್ತ ಬಂದವನು ಅದೇ ಹಾಸಿಗೆ ಹಿಡಿದವನು. ಎಲೆಯ ಮುಂದೆ ಇಬ್ಬರೂ ಮುಖಾಮುಖಿಯಾದರಂತೆ. ಅವನು ಅಧ್ಯಕ್ಷರಿಗೆ ಎರಡು ಸೌಟು ಹೆಚ್ಚು ಹಾಕಿ ಮುಂದೆ ಹೋದನಂತೆ. ನಾನು ಈ ಕಥೆ ಕೇಳಿದಾಗಲೆಲ್ಲ ಪಾಯಸ ಬದಲಾಗುತ್ತಿತ್ತು. ಒಮ್ಮೆ ಗಸಗಸೆ, ಒಮ್ಮೆ ಕಡಲೆಬೇಳೆ, ಒಮ್ಮೆ ಶ್ಯಾವಿಗೆ. ಅಧ್ಯಕ್ಷರ ಕೋಪ ಮಾತ್ರ ಒಂದೇ ಹದದಲ್ಲಿರುತ್ತಿತ್ತು.

ಆ ವರ್ಷ ನಿಯಮಕ್ಕೆ ಸಿಕ್ಕಿಕೊಂಡವರು ನಮ್ಮ ಚಾಳಿನ ಅಡುಗೆ ಭಟ್ಟರು. ಮೈಸೂರು ಕಡೆಯಿಂದ ಬಂದು ಫೋರ್ಟಿನ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಘಾಟ್ಕೋಪರಿನ ಆ ಚಾಳಿನಲ್ಲಿ ಒಂದು ಖೋಲಿ, ಅಂದರೆ ಒಂದೇ ಕೋಣೆ, ಹಿಡಿದಿದ್ದೆ. ನನ್ನದರ ಎರಡು ಬಾಗಿಲು ಆಚೆ, ಹೋಟೆಲ್ ಕೆಲಸದವರು ಒಟ್ಟಾಗಿದ್ದ ಖೋಲಿಯಲ್ಲಿ ಭಟ್ಟರಿದ್ದರು. ಫೋರ್ಟಿನ ಹೋಟೆಲಿನಲ್ಲಿ ಕುದಿಯುವ ಸಾಂಬಾರಿನ ಪಾತ್ರೆ ಒಲೆಯಿಂದ ಜಾರಿ ಅವರ ಬಲಗಾಲಿನ ಮೇಲೆ ಸುರಿದಿತ್ತು. ಕಾಲು ನೆಲಕ್ಕೆ ಊರಕೂಡದೆಂದು ಡಾಕ್ಟರು ಹೇಳಿದ್ದರು. ಭಟ್ಟರು ಮಂಚದಲ್ಲಿ ಕೂತು, ಕಾಲನ್ನು ಟ್ರಂಕಿನ ಮೇಲೆ ಚಾಚಿ, ನೋಡಲು ಬಂದವರಿಗೆಲ್ಲ, ಸಾಂಬಾರು ಹಾಕಿ ಆಗಿದೆ, ಇನ್ನು ಚಟ್ನಿ ಒಂದು ಬಾಕಿ ಎನ್ನುತ್ತಿದ್ದರು.

ತಮಾಷೆ ಮಾಡುತ್ತಿದ್ದರೂ ಅವರ ಹೆದರಿಕೆ ನನಗೆ ಗೊತ್ತಿತ್ತು. ಹಿಂದಿನ ತಿಂಗಳು ಹಾಜರಾಗದೆ ಸಹಾಯ ಸಿಕ್ಕಿರಲಿಲ್ಲ. ಡಾಕ್ಟರ ಚೀಟಿಯನ್ನು ನಾನೇ ಒಯ್ದು ಕೊಟ್ಟೆ. ಚೀಟಿಗೆ ಕಾಲಿಲ್ಲ, ಭಟ್ಟರು ಬರಲಿ ಎಂದು ಅಧ್ಯಕ್ಷರು ಅದನ್ನು ಹಿಂದಕ್ಕೆ ಕೊಟ್ಟರು. ಈ ತಿಂಗಳ ಸಮಿತಿ ಅದೇ ಭಾನುವಾರ ಲೋಕಸಭೆ ಮುಗಿದ ಮೇಲೆ ಕೂರುವುದಿತ್ತು; ಅದೂ ತಪ್ಪಿದರೆ ಹೆಸರು ಹೊಡೆದು ಹಾಕುತ್ತಾರೆ. ಹೆಸರು ಹೋದರೆ ಬಾಡಿಗೆಗೆ ದುಡ್ಡಿಲ್ಲ, ಖೋಲಿಯಲ್ಲಿ ಇರಲಾಗದು, ಹಡಗು ಹತ್ತಿ ಊರಿಗೆ ಹೋಗಬೇಕು. ಊರಿಗೆ ಹೋದವನ ಒಲೆಯ ಮುಂದೆ ಇನ್ನೊಬ್ಬ ಬಂದು ನಿಂತರೆ ಮತ್ತೆ ಆ ಜಾಗ ಸಿಗುವುದಿಲ್ಲ. ಫೋರ್ಟಿನ ಮಾಲಿಕರು ಮಳೆಗಾಲ ಮುಗಿಯುವವರೆಗೆ ಕಾಯುತ್ತೇನೆಂದಿದ್ದರು. ಕಾಲು ಮಾಗುವವರೆಗೆ ಬೊಂಬಾಯಿಯಲ್ಲೇ ಇರಬೇಕು, ಭಟ್ಟರಿಗೆ ಬೇಕಾದದ್ದು ಅಷ್ಟೇ.

ಅಣಕು ಲೋಕಸಭೆಯನ್ನು ಏರ್ಪಡಿಸುತ್ತಿದ್ದವನು ಬೆಂಗಳೂರಿನ ನನ್ನ ಗೆಳೆಯ. ಹಗಲು ಆಫೀಸು, ಸಂಜೆ ಲಾ ಕಾಲೇಜು. ಈ ಮಸೂದೆಯನ್ನು ಬರೆದವನೂ ಅವನೇ. ಅದರ ಮೊದಲ ಕಲಮು ಹೀಗಿತ್ತು: ಕಾಯಿಲೆಯವನು ಕಚೇರಿಗೆ ಬರತಕ್ಕದ್ದಲ್ಲ, ಕಚೇರಿಯವನೇ ಕಾಯಿಲೆಯವನಿದ್ದಲ್ಲಿಗೆ ಹೋಗತಕ್ಕದ್ದು. ಇದನ್ನು ಮಂಡಿಸಬೇಕಾದವರು ಕಾರ್ಮಿಕ ಮಂತ್ರಿ. ಆ ಪಾತ್ರವನ್ನು ಯಾರಿಗೆ ಕೊಡಬೇಕೆಂದು ಅವನು ಮೊದಲೇ ನಿಶ್ಚಯಿಸಿದ್ದ.

ಅಧ್ಯಕ್ಷರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಕರಾವಳಿ ಕಡೆಯವರಲ್ಲದವರಿಗಾಗಿ ಇದನ್ನು ವಿವರಿಸಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರ ವಹಿಸಿದ ಅರ್ಥಧಾರಿಗಳು ಪಂಚೆ ಉಟ್ಟು ಎದುರುಬದುರು ಕೂತು ಆ ಪಾತ್ರವಾಗಿ ಸ್ಥಳದಲ್ಲೇ ವಾದ ಹೂಡುತ್ತಾರೆ. ರಾಜನ ಪಾತ್ರ ಬಂದರೆ ರಾಜನ ಪರ, ವೈರಿಯ ಪಾತ್ರ ಬಂದರೆ ವೈರಿಯ ಪರ. ತನ್ನ ಸ್ವಂತ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ಕೊಟ್ಟ ಪಕ್ಷವನ್ನು ಸೋಲಲು ಬಿಟ್ಟವನು ಮಾತ್ರ ಮುಂದಿನ ಕೂಟದವರೆಗೆ ತಲೆ ತಗ್ಗಿಸಿ ತಿರುಗಬೇಕು.

ಗೆಳೆಯ ಅಧ್ಯಕ್ಷರ ಹೋಟೆಲಿಗೆ ಹೋದಾಗ ನಾನೂ ಜೊತೆಗಿದ್ದೆ. ಅವನು ಕಾಫಿ ಕುಡಿದು ಮುಗಿಸಿ, ಲೋಟವನ್ನು ಕೆಳಗಿಟ್ಟು, ಬಹಳ ಬೇಸರದ ಮುಖ ಮಾಡಿ ಹೇಳಿದ: “ಕಾರ್ಮಿಕ ಮಂತ್ರಿ ಪಾತ್ರ ಯಾರಿಗೂ ಬೇಡವಂತೆ ಸಾರ್. ಅದು ಸೋಲೋ ಪಕ್ಷ, ಅದನ್ನ ಹಿಡಿದು ನಿಲ್ಲಿಸೋ ಮಾತುಗಾರರು ಬೊಂಬಾಯಲ್ಲಿಲ್ಲ ಅಂತಾರೆ.”

ಅಧ್ಯಕ್ಷರು ಮಸೂದೆಯನ್ನು ಓದಿದರು. ಅದು ತಮ್ಮ ನಿಯಮಕ್ಕೆ ನೇರ ಎದುರಾದದ್ದೆಂದು ಅವರಿಗೆ ತಿಳಿಯಲಿಲ್ಲ ಎಂದು ನಾನು ಹೇಳಲಾರೆ. ಹುಬ್ಬು ಗಂಟಿಕ್ಕಿದ್ದನ್ನು ನೋಡಿದ್ದೇನೆ. ಆದರೆ ಓದಿ ಮುಗಿಸುವಷ್ಟರಲ್ಲಿ ಅವರ ಕೈ ಗಾಳಿಯಲ್ಲಿ ಏನನ್ನೋ ಹೊಂದಿಸುತ್ತಿತ್ತು, ತುಟಿ ಅಲುಗುತ್ತಿತ್ತು.

“ಸೋಲುವ ಪಕ್ಷ ಅಂತ ಒಂದಿಲ್ಲ ಮಾರಾಯ,” ಎಂದರು. “ಸೋಲುವ ಅರ್ಥಧಾರಿ ಅಂತ ಉಂಟು.”

ಹಾಗೆ ಆ ಭಾನುವಾರ ಅಧ್ಯಕ್ಷರು ಜರಿಯಂಚಿನ ಶಲ್ಯ ಹೊದ್ದು ಕಾರ್ಮಿಕ ಮಂತ್ರಿಗಳಾಗಿ ಎದ್ದು ನಿಂತರು. ವಿರೋಧ ಪಕ್ಷದ ನಾಯಕ ನನ್ನ ಗೆಳೆಯ.

ಮೊದಲ ಒಂದು ಗಂಟೆ ಕಾಫಿಯ ಬಗ್ಗೆಯೇ ಹೋಯಿತು. ಬ್ಯಾಂಕಿನ ಗುಂಪಿನ ಸದಸ್ಯರೊಬ್ಬರು ಒಂದು ತಿದ್ದುಪಡಿ ತಂದಿದ್ದರು: ತನಿಖೆಗೆ ಹೋದ ಅಧಿಕಾರಿ ಕಾಯಿಲೆಯವನ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು, ಅದು ಲಂಚವಾಗುತ್ತದೆ. ತಿದ್ದುಪಡಿ ನ್ಯಾಯವಾದದ್ದೇ. ಆದರೆ ಹೋಟೆಲಿನ ಸದಸ್ಯರಿಗೆ, ಅವರು ಆಡಳಿತ ಪಕ್ಷದವರಿರಲಿ ವಿರೋಧಿಗಳಿರಲಿ, ಇದರಿಂದ ನಿಜವಾಗಿಯೂ ನೋವಾಯಿತು. ಬಾಗಿಲಿಗೆ ಬಂದವನಿಗೆ ಒಂದು ಲೋಟ ಕಾಫಿ ಕೊಡಬೇಡ ಎನ್ನುವ ಸರ್ಕಾರ ಎಂಥ ಸರ್ಕಾರ ಎಂದು ಪ್ರಧಾನಮಂತ್ರಿಗಳೇ ತಮ್ಮ ಸರ್ಕಾರವನ್ನು ಕೇಳಿದರು. ಕಾಫಿ ಲಂಚವಲ್ಲ, ಆದರೆ ಜೊತೆಗೆ ಉಪ್ಪಿಟ್ಟು ಇದ್ದರೆ ಯೋಚಿಸಬೇಕು ಎಂದು ಇನ್ನೊಬ್ಬರು ಮಧ್ಯದ ದಾರಿ ಹುಡುಕಿದರು. ಕೊನೆಗೆ ತಿದ್ದುಪಡಿ ಬಿದ್ದುಹೋಯಿತು. ನಾನು ಗಂಟೆ ಒತ್ತಿದೆ, ನಾಲ್ವರು ಎದ್ದು ಕೂತರು.

ಆಮೇಲೆ ನನ್ನ ಗೆಳೆಯ ಎದ್ದ. ಮಸೂದೆ ಪಾಸಾದರೆ ದೇಶ ಹಾಳಾಗುತ್ತದೆಂದು ಸಾಧಿಸಲು ಅವನು ಒಂದು ಕಥೆ ಹೇಳಿದ. ಒಬ್ಬ ಸಪ್ಲೈಯರ್, ಹಾಸಿಗೆ ಹಿಡಿದಿದ್ದಾನೆಂದು ಸುಳ್ಳು, ಮಂಗಳೂರಿನಲ್ಲಿ ಮದುವೆ, ಪಂಕ್ತಿ, ಪಾಯಸ, ಎರಡು ಸೌಟು ಹೆಚ್ಚು. ಅಧ್ಯಕ್ಷರು ಹೇಳುವ ಕಡೆಯೆಲ್ಲ ನಿಲ್ಲಿಸಿ, ಅವರು ಕೈ ಎತ್ತುವ ಕಡೆಯೆಲ್ಲ ಕೈ ಎತ್ತಿ, ಒಂದಕ್ಷರ ಬಿಡದೆ ಒಪ್ಪಿಸಿದ. ಸಭೆಯಲ್ಲಿ ನಗು ಅದುಮುವ ಸದ್ದು. ಅಧ್ಯಕ್ಷರು ನಗಲಿಲ್ಲ. ಎದುರಾಳಿ ತನ್ನ ಬತ್ತಳಿಕೆಯಿಂದಲೇ ಬಾಣ ಕದ್ದು ಬಿಟ್ಟಾಗ ಅರ್ಥಧಾರಿ ಹೇಗೆ ನೋಡುತ್ತಾನೋ ಹಾಗೆ ನೋಡಿದರು. ಆಮೇಲೆ ನಿಧಾನವಾಗಿ ಎದ್ದು ಶಲ್ಯ ಸರಿಮಾಡಿಕೊಂಡರು.

“ಮಾನ್ಯ ವಿರೋಧ ಪಕ್ಷದ ನಾಯಕರು ಒಂದು ಪಾಯಸದ ಕಥೆ ಹೇಳಿದರು,” ಎಂದರು. “ರುಚಿಯಾಗಿ ಹೇಳಿದರು. ನಾನು ಕೇಳುವುದು ಒಂದೇ. ಒಬ್ಬ ಪಾಯಸ ಬಡಿಸಿದ ಅಂತ ಉಳಿದವರ ಗಂಜಿ ಕಸಿಯಲಿಕ್ಕುಂಟೋ? ಆ ಒಬ್ಬ ಕಳ್ಳನನ್ನು ಹಿಡಿಯಲಿಕ್ಕೆ ನಮ್ಮ ಕೈಯಲ್ಲಿ ಆಗಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ತೀರಿಸಿದೆವು? ಮಂಚದಿಂದ ಏಳಲಿಕ್ಕೆ ಆಗದವನ ಮೇಲೆ.”

ಮುಂದಿನದನ್ನೆಲ್ಲ ನಾನು ಬರೆಯಲಾರೆ. ಅದು ನನ್ನ ಶಕ್ತಿಗೆ ಮೀರಿದ್ದು. ಡಾಕ್ಟರ ಚೀಟಿಯ ಮೇಲೆ ಸಂಶಯವಿದ್ದವನು ತಾನೇ ಎದ್ದು ಹೋಗಿ ನೋಡಿ ಬರಲಿ ಎಂದರು. ಜ್ವರದವನು ಬಿಸಿಲಲ್ಲಿ ನಡೆದುಬರುವುದನ್ನು, ಹೆಂಡತಿ ಅವನ ತೋಳು ಹಿಡಿದು ಪ್ರತಿ ಮೆಟ್ಟಿಲಿಗೂ ನಿಲ್ಲುವುದನ್ನು ಅವರು ಮಾತಿನಲ್ಲೇ ಕಟ್ಟಿ ನಿಲ್ಲಿಸಿದರು. ಆಗ ಹೊರಗಿನಿಂದ ಒಂದು ಸದ್ದು ಕೇಳಿಸಿತು. ಮರದ ಕಾಲು ಕಲ್ಲಿಗೆ ತಾಗಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ತಾಗಿದ ಸದ್ದು. ಅದು ಮೆಟ್ಟಿಲಿನಿಂದ ಮೇಲಕ್ಕೆ ಬರುತ್ತಿತ್ತು.

ನನ್ನ ಸ್ಟೂಲಿನಿಂದ ಬಾಗಿಲು ನೇರ ಕಾಣುತ್ತಿತ್ತು. ಮೊದಲು ಕಂಡದ್ದು ಹಿಂದು ಮುಂದಾಗಿ ಬರುತ್ತಿದ್ದ ಒಬ್ಬನ ಬೆನ್ನು, ಬೆವರಿಗೆ ಅಂಗಿ ಅಂಟಿಕೊಂಡದ್ದು. ಆಮೇಲೆ ಒಂದು ಕುರ್ಚಿ. ಕುರ್ಚಿಯಲ್ಲಿ ನಮ್ಮ ಭಟ್ಟರು. ಖೋಲಿಯ ಇಬ್ಬರು ಗೆಳೆಯರು ಅವರನ್ನು ಘಾಟ್ಕೋಪರಿನಿಂದ ಲೋಕಲಿನಲ್ಲಿ ತಂದು, ಕೆಳಗಿನ ಅಂಗಡಿಯಲ್ಲಿ ಕುರ್ಚಿ ಕೇಳಿ, ಹೊತ್ತು ತಂದಿದ್ದರು. ಅವರು ಬರುವ ಸಂಗತಿ ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಕುರ್ಚಿಯನ್ನು ಇಳಿಸಿದರು.

ಸಭೆ ಚಪ್ಪಾಳೆ ತಟ್ಟಿತು.

ಅದನ್ನು ನಾಟಕದ ಭಾಗವೆಂದು ಎಲ್ಲರೂ ತಿಳಿದರು. ಮಂತ್ರಿಗಳ ಮಾತಿಗೆ ಸರಿಯಾಗಿ ರೋಗಿ ಬಂದು ಕೂತಿದ್ದ, ಬ್ಯಾಂಡೇಜು ಕಟ್ಟಿದ ಕಾಲು ಮುಂದೆ ಚಾಚಿದ್ದ. ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರಿಂದಾದೀತು? ಮುಂದಿನ ಸಾಲಿನ ಹೆಂಗಸರೂ ತಟ್ಟಿದರು. ನಾನು ಬ್ಯಾಂಡೇಜನ್ನು ನೋಡುತ್ತಿದ್ದೆ. ಬೆಳಿಗ್ಗೆ ಬಿಳಿಯಾಗಿದ್ದ ಬಟ್ಟೆ ಬೆರಳುಗಳ ಹತ್ತಿರ ಒದ್ದೆಯಾಗಿತ್ತು, ಮತ್ತು ಆ ಒದ್ದೆ ನನ್ನ ಕಣ್ಣೆದುರೇ ದೊಡ್ಡದಾಗುತ್ತಿತ್ತು. ನನ್ನ ಕೈ ಗಂಟೆಯ ಮೇಲೆಯೇ ಇತ್ತು, ಒತ್ತಲಾಗಲಿಲ್ಲ.

ಅಧ್ಯಕ್ಷರಿಗೂ ಇದು ಯಾರೋ ಮಾಡಿದ ಏರ್ಪಾಡೆಂದೇ ಕಂಡಿತು. ಅವರು ಭಟ್ಟರನ್ನು ಅದುವರೆಗೆ ನೋಡಿದವರಲ್ಲ. ಚೀಟಿಯನ್ನು ಮಾತ್ರ ನೋಡಿದ್ದರು. ಮಂತ್ರಿಯ ಗತ್ತಿನಲ್ಲೇ ಕೈ ಚಾಚಿ ಕೇಳಿದರು: “ಈ ಸದನಕ್ಕೆ ಬಂದ ಮಹನೀಯರೇ, ತಾವು ಯಾರು? ಈ ಸ್ಥಿತಿಯಲ್ಲಿ ತಮ್ಮನ್ನು ಇಲ್ಲಿಗೆ ಕರೆಸಿದ ಕ್ರೂರಿ ಯಾರು?”

ಭಟ್ಟರು ಕುರ್ಚಿಯಲ್ಲೇ ಕೈ ಮುಗಿದರು.

“ನೀವೇ ಅಲ್ವಾ ಧಣಿ,” ಎಂದರು. “ಬರಲಿಕ್ಕೆ ಹೇಳಿದ್ರಿ. ಬಂದೆ.”

ಆಗಲೂ ಕೆಲವರು ನಕ್ಕರು. ಆಮೇಲೆ ನಗು ಒಂದೊಂದೇ ಬೆಂಚಿನಲ್ಲಿ ನಿಂತುಹೋಯಿತು. ಅಧ್ಯಕ್ಷರ ಕೈ ಇನ್ನೂ ಮುಂದೆ ಚಾಚಿಯೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದವರಂತೆ ನಿಂತಿದ್ದರು. ಸ್ಪೀಕರರು ಇದ್ದಕ್ಕಿದ್ದಂತೆ ಮಸೂದೆಯನ್ನು ಮತಕ್ಕೆ ಹಾಕಿದರು. ವಿರೋಧ ಪಕ್ಷವೂ ಸೇರಿ ಎಲ್ಲರೂ ಕೈ ಎತ್ತಿದರು. ಲೋಕಸಭೆ ಮುಗಿಯಿತು.

ಕಾಫಿಯ ನಂತರ ಅದೇ ಕೋಣೆಯಲ್ಲಿ ನಿಧಿಯ ಸಮಿತಿ ಕೂತಿತು. ಅಷ್ಟರಲ್ಲಿ ಹೆಂಗಸರಲ್ಲೊಬ್ಬರು ಭಟ್ಟರ ಕಾಲಿಗೆ ಒಣಬಟ್ಟೆ ಸುತ್ತಿದ್ದರು. ಪ್ರೇಕ್ಷಕರಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ. ಖಜಾಂಚಿಗಳು ಭಟ್ಟರ ಹೆಸರು ಕರೆದರು, ಭಟ್ಟರು ಹಾಜರೆಂದರು, ಆ ತಿಂಗಳ ಸಹಾಯ ಮಂಜೂರಾಯಿತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿ ನಡೆದಿತ್ತು.

“ಇನ್ನೊಂದು ಸಲ ಬರಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ,” ಎಂದು ಭಟ್ಟರು ತಮ್ಮ ಕಾಲಿಗೇ ಹೇಳುವವರಂತೆ ಹೇಳಿದರು. “ಬರುವ ತಿಂಗಳಿಂದ ಹೆಸರು ಹೊಡೆದು ಹಾಕಿ ಧಣಿ. ಊರಿಗೆ ಹೋಗ್ತೇನೆ.”

ನನ್ನ ಗೆಳೆಯ ಎದ್ದು ನಿಯಮ ಬದಲಿಸಬೇಕೆಂದ. ಅಧ್ಯಕ್ಷರು ಶಲ್ಯವನ್ನು ಮಡಿಸಿ ಪಕ್ಕಕ್ಕಿಟ್ಟಿದ್ದರು, ಈಗ ಅವರು ಮಂತ್ರಿಯಲ್ಲ. ಆಗ ಆಡಿದ್ದು ಅರ್ಥ, ಇದು ಸಂಘ, ಎರಡನ್ನೂ ಬೆರೆಸಬಾರದು ಎಂದರು. ನಿಯಮಕ್ಕೆ ಕಾರಣವಿದೆ ಎಂದರು. ಮಂಗಳೂರಿನಲ್ಲಿ ಒಂದು ಮದುವೆ ಎಂದು ಆರಂಭಿಸಿದರು.

ಹಿಂದಿನ ಬೆಂಚಿನಿಂದ ಯಾರೋ ಬಹಳ ವಿನಯದಿಂದ ನೆನಪಿಸಿದರು: “ಗಂಜಿ, ಧಣಿ.”

ಅಧ್ಯಕ್ಷರು ನಿಂತರು. ಬೇರೆ ದಾರಿ ಹಿಡಿದರು: ಚೀಟಿಯನ್ನು ಹೇಗೆ ನಂಬುವುದು? ಹೇಳುತ್ತಿದ್ದಂತೆ ಅವರಿಗೇ ನೆನಪಾಗಿರಬೇಕು, ಅದಕ್ಕೂ ಅವರು ಅರ್ಧ ಗಂಟೆಯ ಹಿಂದೆ ಮಂತ್ರಿಯಾಗಿ ಉತ್ತರ ಕೊಟ್ಟಿದ್ದರು. ಬೊಂಬಾಯಿಯಲ್ಲಿ ಅವರನ್ನು ಮಾತಿನಲ್ಲಿ ಕಟ್ಟಿಹಾಕಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ದಿನ ಕಟ್ಟಿಹಾಕಿದವರೂ ಅವರೇ. ಹಾಗಾಗಿ ಅವರಿಗೆ ದುಃಖವಾಗಿದೆಯೋ ಹೆಮ್ಮೆಯಾಗಿದೆಯೋ ಮುಖ ನೋಡಿ ಹೇಳುವಂತಿರಲಿಲ್ಲ.

ಕೊನೆಗೆ ಅವರು ಖಜಾಂಚಿಗಳಿಗೆ ನಿಯಮವನ್ನು ಓದಲು ಹೇಳಿದರು. ಕಾಯಿಲೆಯವನು ಖುದ್ದಾಗಿ ಸಮಿತಿಯ ಎದುರು ಹಾಜರಾಗಬೇಕು ಎಂದು ಖಜಾಂಚಿಗಳು ಓದಿದರು.

“ಸಮಿತಿ ಎಲ್ಲಿ ಕೂರಬೇಕು ಅಂತ ಉಂಟಾ ಅದರಲ್ಲಿ?”

“ಇಲ್ಲ.”

“ಹಾಗಾದ್ರೆ ನಿಯಮ ಸರಿಯೇ ಉಂಟು. ಯಾರೂ ಮುಟ್ಟಲಿಕ್ಕಿಲ್ಲ,” ಎಂದು ಅಧ್ಯಕ್ಷರು ಸಭೆಯನ್ನು ಸುತ್ತ ಒಮ್ಮೆ ನೋಡಿದರು. “ಭಟ್ಟರು ಬರುವ ತಿಂಗಳೂ ಹಾಜರಾಗಲೇಬೇಕು. ಸಮಿತಿ ಘಾಟ್ಕೋಪರಿನಲ್ಲಿ ಕೂರುತ್ತದೆ. ಅವರ ಮಂಚದ ಹತ್ತಿರ.”

ಯಾರೂ ಹೇಳದಿದ್ದರೂ ನಾನು ಗಂಟೆ ಒತ್ತಿದೆ. ಹಿಂದಿನ ಬೆಂಚಿನವರೆಲ್ಲ ಎದ್ದರು; ಈ ಸಲ ಕೂರಲಿಲ್ಲ. ಭಟ್ಟರನ್ನು ಕೆಳಗೆ ಇಳಿಸಲು ಕುರ್ಚಿಗೆ ಕೈ ಕೊಟ್ಟವರು ಎಷ್ಟು ಜನರಾದರೆಂದರೆ ಕುರ್ಚಿ ಒಂದು ಮೆಟ್ಟಿಲಿಗೂ ತಾಗಲಿಲ್ಲ.

ಮುಂದಿನ ತಿಂಗಳು ಸಮಿತಿಯವರನ್ನು ಘಾಟ್ಕೋಪರ್ ಸ್ಟೇಷನ್ನಿನಿಂದ ಕರೆದೊಯ್ದವನು ನಾನು. ಐದೂ ಜನ ಹೋಟೆಲ್ ಮಾಲಿಕರು, ಐವರೂ ಮೈತುಂಬಿಕೊಂಡವರು. ನಮ್ಮ ಚಾಳಿನ ಮರದ ಮೆಟ್ಟಿಲು ಕಡಿದಾದದ್ದು, ಹಿಡಿಯಲು ಹಗ್ಗ ಮಾತ್ರ. ಅಧ್ಯಕ್ಷರು ನಡುವೆ ಎರಡು ಕಡೆ ನಿಂತರು. ಖೋಲಿಯ ಬಾಗಿಲಿಗೆ ಬಂದಾಗ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಭಟ್ಟರು ಮಂಚದಿಂದಲೇ ಕೈ ಮುಗಿದು, ಉಸಿರು ತಿರುಗಲಿ, ಹಾಜರಿ ಆಮೇಲೆ ಎಂದರು.

ಸಮಿತಿ ಟ್ರಂಕುಗಳ ಮೇಲೆ ಕೂತಿತು. ಖಜಾಂಚಿಗಳು ಭಟ್ಟರ ಮುಖಕ್ಕೆ ಮೊಳದಷ್ಟು ದೂರದಲ್ಲಿ ಕೂತು ಅವರ ಹೆಸರನ್ನು ಗಟ್ಟಿಯಾಗಿ ಕರೆದರು. ಭಟ್ಟರು ಅಷ್ಟೇ ಗಟ್ಟಿಯಾಗಿ ಹಾಜರೆಂದರು. ಕೆಲಸ ಮುಗಿಯಿತು. ಆಗ ಖೋಲಿಯ ಗೆಳೆಯರು ಒಂದು ಪಾತ್ರೆಯನ್ನು ಮಂಚದ ಪಕ್ಕಕ್ಕೆ ತಂದಿಟ್ಟರು. ಭಟ್ಟರು ಕೂತಲ್ಲಿಂದಲೇ ಸೌಟು ಹಿಡಿದು ಲೋಟಗಳಿಗೆ ಬಡಿಸತೊಡಗಿದರು. ಪಾಯಸ.

ಅಧ್ಯಕ್ಷರು ತಮ್ಮ ಲೋಟವನ್ನು ಬಹಳ ಹೊತ್ತು ನೋಡಿದರು. “ಇದು ಎಂಥ ಪಾಯಸ?” ಎಂದು ಕೇಳಿದರು.

“ನಿಮ್ಮ ಕಥೆಯಲ್ಲಿ ಯಾವುದು ಧಣಿ?”

“ಗಸಗಸೆ,” ಎಂದರು ಅಧ್ಯಕ್ಷರು.

“ಹಾಗಾದ್ರೆ ಅದೇ.”

ನಾನೂ ಕುಡಿದಿದ್ದೇನೆ, ಅದು ಹೆಸರುಬೇಳೆಯದು. ಅಧ್ಯಕ್ಷರು ಅದನ್ನು ಗಸಗಸೆಯೆಂದೇ ಕುಡಿದು ಲೋಟವನ್ನು ಮತ್ತೆ ಮುಂದೆ ಹಿಡಿದರು. ಭಟ್ಟರು ಎರಡು ಸೌಟು ಹೆಚ್ಚು ಹಾಕಿದರು.

ಆಮೇಲಿನ ತಿಂಗಳುಗಳಲ್ಲಿ ಸಮಿತಿ ಒಂದು ಸಲವೂ ತಪ್ಪಿಸಲಿಲ್ಲ. ಬೇರೆ ಕಾಯಿಲೆಯವರ ಹತ್ತಿರವೂ ಹೋಗುತ್ತಿದ್ದರು, ಆದರೆ ಘಾಟ್ಕೋಪರನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರೆಂದು ಖಜಾಂಚಿಗಳೇ ನನಗೆ ಹೇಳಿದ್ದಾರೆ. ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಸಮಿತಿ ದಾದರಿನಲ್ಲಿ ಹೊರಡುವ ತಯಾರಿಯಲ್ಲಿದ್ದಾಗ, ಬಾಗಿಲಲ್ಲಿ ಭಟ್ಟರು ನಿಂತಿದ್ದರು. ಒಬ್ಬರೇ ಬಂದಿದ್ದರು.

ಅಧ್ಯಕ್ಷರ ಮುಖದಲ್ಲಿ ನನಗೆ ಮೊದಲು ಕಂಡದ್ದು ನಿರಾಸೆ. “ನೀವು ಯಾಕೆ ಬಂದದ್ದು? ನಾವೇ ಬರುವವರಿದ್ದೆವಲ್ಲ,” ಎಂದರು.

“ಹಾಜರಿಗೆ ಬಂದದ್ದಲ್ಲ ಧಣಿ. ಹೆಸರು ಹೊಡೆಯಿರಿ ಅಂತ ಹೇಳಲಿಕ್ಕೆ ಬಂದದ್ದು. ನಾಳೆ ಫೋರ್ಟಿನಲ್ಲಿ ಒಲೆ ಹಚ್ಚುತ್ತೇನೆ.”

ಭಟ್ಟರು ಕಾಫಿ ಕುಡಿದು ಹೊರಟರು. ನಾನು ಮೆಟ್ಟಿಲ ತಲೆಯವರೆಗೆ ಹೋಗಿ ನಿಂತು ಕೇಳಿದೆ. ಎರಡು ಕಾಲಿನ ಸದ್ದು, ಬಲಗಾಲಿನದು ಸ್ವಲ್ಪ ಹಗುರ, ಎಲ್ಲಿಯೂ ನಿಲ್ಲದೆ ಕೆಳಗಿನವರೆಗೆ ಹೋಯಿತು.